ಮೂರನೇ ಕಿಟಕಿಯ ಇಲ್ಲ

“ಇಲ್ಲ,” ಎಂದ ಗುಮಾಸ್ತ. ಕಿಟಕಿಯಾಚೆ ನಿಂತ ದರ್ಜಿ ಹೆಂಗಸು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

“ನಾನಿನ್ನೂ ಏನೂ ಕೇಳೇ ಇಲ್ಲ ಸಾರ್.”

“ಕೇಳ್ತೀರಲ್ಲ, ಅದಕ್ಕೇ.”

ನಗರಸಭೆಯ ಮೂರನೇ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷಗಳಿಂದ ಬೇರುಬಿಟ್ಟಿದ್ದ ಈ ಮಹಾನುಭಾವನಿಗೆ ಪಕ್ಕದ ಮೇಜಿನ ಟೈಪಿಸ್ಟ್ ಇಟ್ಟಿದ್ದ ಹೆಸರು ಇಲ್ಲಪ್ಪ. ಊಟದ ಹೊತ್ತಿನಲ್ಲಿ ಅವಳು ಅವನ ಇಲ್ಲಗಳನ್ನು ಒಂದೊಂದಾಗಿ ನಟಿಸಿ ತೋರಿಸುತ್ತಿದ್ದಳು. ಚಪ್ಪಲಿ ಸವೆದವರಿಗೆ ಮೂಗಿನಿಂದಲೇ ಇಳಿಯುವ “ಇಲ್ಲಾ”. ಕೋಟು ತೊಟ್ಟವರಿಗೆ ಕನ್ನಡಕ ಒರೆಸುತ್ತ, ತನಗೇ ದುಃಖವಾದಂತೆ, “ಇಲ್ವಲ್ಲಾ…” ಇನ್ನು ಸಾಹೇಬರು ಬಂದರೆ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, “ಇಲ್ಲ ಇಲ್ಲ ಸಾರ್, ಈಗ್ಲೇ ಮಾಡ್ದೆ!” ಕಚೇರಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು. ಇಲ್ಲಪ್ಪನೂ ನಗುತ್ತಿದ್ದ, ಯಾರನ್ನೋ ಆಡಿಕೊಳ್ಳುತ್ತಿದ್ದಾಳೆಂದು.

ರಸ್ತೆ ಅಗಲ ಮಾಡಲು ಕೆಡವಬೇಕಾದ ಅಂಗಡಿಗಳ ಪಟ್ಟಿ ಅವನ ಸುಪರ್ದಿನಲ್ಲಿತ್ತು. ಹದಿನೇಳನೆಯ ನಂಬರು ದರ್ಜಿಯ ಅಂಗಡಿ. ಅಳತೆಯವನು ಎರಡನೇ ಸಲ ಬಂದು ನೋಡಿ, ಗೋಡೆ ಮೂರಡಿ ಹಿಂದಿದೆ, ಕೆಡವಬೇಕಾಗಿಲ್ಲ ಎಂದು ಬರೆದುಕೊಟ್ಟಿದ್ದ. ಸಾಹೇಬರು “ಹದಿನೇಳನ್ನು ಪಟ್ಟಿಯಿಂದ ತೆಗೆಯಿರಿ” ಎಂದು ಸಹಿಯನ್ನೂ ಹಾಕಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಆ ಕಾಗದ ಹಿಡಿದುಕೊಂಡು ದರ್ಜಿ ಸೋಮವಾರ ಬಂದಳು, ಮಂಗಳವಾರ ಬಂದಳು, ಬುಧವಾರ, ಗುರುವಾರವೂ ಬಂದಳು. ದಿನಾ ಇಲ್ಲಪ್ಪ ಕಂಪ್ಯೂಟರಿನ ಪಟ್ಟಿಯಿಂದ ಆ ಸಾಲನ್ನು ತೆಗೆದ. ದಿನಾ ಬೆಳಿಗ್ಗೆ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಹದಿನೇಳು ಹಲ್ಲುಕಿರಿದುಕೊಂಡು ಕೂತಿರುತ್ತಿತ್ತು. ಇವತ್ತು ಶುಕ್ರವಾರ, ನಾಲ್ಕೂವರೆ ಗಂಟೆ. ಐದಕ್ಕೆ ಪಟ್ಟಿ ಗುತ್ತಿಗೆದಾರನ ಕೈಸೇರುತ್ತದೆ. ಸೋಮವಾರ ಬೆಳಿಗ್ಗೆ ಬುಲ್ಡೋಜರ್.

“ನಾನಂತೂ ದಿನಾ ತೆಗೀತಿದೀನಿ,” ಎಂದ ಇಲ್ಲಪ್ಪ. “ಆ ಮಷಿನ್ನಿಗೇ ನಿಮ್ಮ ಅಂಗಡಿ ಮೇಲೆ ಏನೋ ಹಗೆ ಇದೆ. ಅದಕ್ಕೆ ನಾನೇನು ಮಾಡ್ಲಿ?”

ಮೌಸ್ ಹಿಡಿದು ಮಾಡುತ್ತಿದ್ದ ಹಳೆಯ ಪ್ರೋಗ್ರಾಂ ಹದಿನೈದು ದಿನದ ಹಿಂದೆ ಕೈಕೊಟ್ಟಿತ್ತು. ಹೊಸದು ಬರುವವರೆಗೆ ಕಪ್ಪು ಪರದೆಯೇ ಗತಿ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ, ಕೆಳಗೆ ಯಾವ ಕೀ ಏನು ಮಾಡುತ್ತದೆಂದು ಹೇಳುವ ಎರಡು ಸಾಲು. ಕಲಿಸಲು ತರಬೇತಿಯ ಹುಡುಗಿಯೊಬ್ಬಳು ಒಂದು ಗಂಟೆ ಬಂದು ಹೋಗಿದ್ದಳು. ಇಲ್ಲಪ್ಪ ಆ ಗಂಟೆಯನ್ನು ಬೀರುವಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುವುದಕ್ಕೆ ಬಳಸಿದ್ದ.

“ಕಂಟ್ರೋಲ್ ಜೊತೆ ಕೆ ಒತ್ತಿದ್ರೆ ಇಡೀ ಸಾಲು ಹೋಗುತ್ತೆ ಸಾರ್,” ಎಂದಿದ್ದಳು ಅವಳು. “ಕಂಟ್ರೋಲ್ ಜೊತೆ ಎಕ್ಸ್ ಒತ್ತಿದ್ರೆ ಹೊರಗೆ ಬರ್ತೀರಿ. ಏನಾದ್ರೂ ಬದಲಾಯಿಸಿದ್ರೆ ಬರೋವಾಗ ಅದೊಂದು ಪ್ರಶ್ನೆ ಕೇಳುತ್ತೆ, ಅದಕ್ಕೆ ನೀವು…”

“ಗೊತ್ತು, ಗೊತ್ತು. ನೀನು ಹುಟ್ಟೋಕೆ ಮುಂಚಿಂದ ಪ್ರಶ್ನೆಗಳಿಗೆ ಉತ್ತರ ಕೊಡ್ತಿದೀನಮ್ಮ.”

ಅಷ್ಟಕ್ಕೆ ಪಾಠ ಮುಗಿದಿತ್ತು.

“ನೀವು ತೆಗೆಯೋದನ್ನ ನಾನು ನೋಡ್ಬೇಕು,” ಎಂದಳು ದರ್ಜಿ.

“ಇಲ್ಲಿಂದ ಕಾಣಲ್ಲ.”

“ಹಂಗಾದ್ರೆ ಒಳಗೆ ಬರ್ತೀನಿ.”

“ಒಳಗೆ ಪಬ್ಲಿಕ್ ಬರೋ ಹಾಗಿಲ್ಲ!”

ಅಷ್ಟರಲ್ಲಿ ಟೈಪಿಸ್ಟ್ ಪಕ್ಕದ ಬಾಗಿಲಿನ ಚಿಲಕ ತೆಗೆದು, “ಬನ್ನಿ ಅಕ್ಕಾ, ಕೂತ್ಕೊಳ್ಳಿ,” ಎಂದು ತನ್ನ ಕುರ್ಚಿಯನ್ನೇ ಎಳೆದುಕೊಟ್ಟಿದ್ದಳು. ದರ್ಜಿ ಕೂರಲಿಲ್ಲ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಅವನ ಹೆಗಲ ಹಿಂದೆ ನಿಂತಳು.

ಇಲ್ಲಪ್ಪ ಒಂದೇ ಬೆರಳಿನಲ್ಲಿ, ತಿಗಣೆ ಕೊಲ್ಲುವವನಂತೆ, ಕೀಲಿಮಣೆ ಕುಟ್ಟಿದ. ಪಟ್ಟಿ ತೆರೆಯಿತು. ಹದಿನೇಳರ ಮುಂದೆ ಹೋಗಿ ನಿಂತ. ಕಂಟ್ರೋಲ್, ಕೆ. ಸಾಲು ಮಾಯ; ಹದಿನಾರರ ಕೆಳಗೆ ಹದಿನೆಂಟು ಬಂದು ಕೂತಿತು. ಈ ಕೆಲಸ ಮಾತ್ರ ಅವನಿಗೆ ಮನಸಾರೆ ಇಷ್ಟವಾಗಿತ್ತು.

“ನೋಡಿದ್ರಾ? ಕಣ್ಣಾರೆ ನೋಡಿದ್ರಾ? ಆಮೇಲೆ ನಾನೇ ಕೆಟ್ಟವನು.”

ಕಂಟ್ರೋಲ್, ಎಕ್ಸ್. ಪರದೆಯ ಕೆಳಗೆ ಏನೋ ಬಂತು. ಅದು ಬರುವುದಕ್ಕೂ ಅವನ ಬೆರಳು ಎನ್ ಮೇಲೆ ಬೀಳುವುದಕ್ಕೂ ಸರಿಹೋಯಿತು.

“ತಡೀರಿ,” ಎಂದಳು ದರ್ಜಿ. “ಅದು ಏನೋ ಕೇಳ್ತು.”

“ಕೇಳುತ್ತೆ. ದಿನಾ ಕೇಳುತ್ತೆ.”

“ಏನಂತ?”

“ಮಾಡಿದ್ದನ್ನ ಉಳಿಸ್ಲಾ ಅಂತ.”

“ನೀವೇನಂದ್ರಿ?”

“ಇಲ್ಲ ಅಂದೆ.”

ಟೈಪಿಸ್ಟ್ ಬಗ್ಗಿ ಪರದೆ ನೋಡಿದಳು.

“ನಾಲ್ಕು ದಿನಾನೂ?” ಎಂದಳು ದರ್ಜಿ.

“ನೋಡಮ್ಮ, ಕೇಳಿದ ತಕ್ಷಣ ಹೂಂ ಅಂದ್ಬಿಟ್ರೆ ಸದರ ಆಗುತ್ತೆ. ಮಷಿನ್ನಾಗ್ಲಿ, ಮನುಷ್ಯ ಆಗ್ಲಿ. ಇವತ್ತು ಉಳಿಸ್ಲಾ ಅನ್ನುತ್ತೆ, ನಾಳೆ ಇನ್ನೇನೋ ಅನ್ನುತ್ತೆ.”

“ಅದು ನಿಮ್ಮ ಕೆಲಸಾನೇ ಜೋಪಾನ ಮಾಡ್ಲಾ ಅಂತಿತ್ತು. ನೀವು ಅದನ್ನೂ ಕಿಟಕಿಯಿಂದ ಆಚೆ ಕಳಿಸಿದ್ರಿ.” ದರ್ಜಿಯ ದನಿ ಏರಲಿಲ್ಲ. “ಇನ್ನೊಂದ್ಸಲ ಮಾಡಿ. ಈ ಸಲ ಹೂಂ ಅನ್ನಿ.”

ಗೋಡೆ ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿತ್ತು. ಇಲ್ಲಪ್ಪ ಮತ್ತೆ ತೆರೆದ, ಮತ್ತೆ ತೆಗೆದ, ಮತ್ತೆ ಹೊರಟ. ಪ್ರಶ್ನೆ ಬಂತು. ಬೆರಳು ತಾನಾಗಿಯೇ ಎನ್ ಕಡೆ ಹೊರಟು, ಅರ್ಧ ದಾರಿಯಲ್ಲಿ ಗಾಳಿಯಲ್ಲಿ ನಿಂತಿತು.

“ವೈ ಎಲ್ಲಿದೆ?” ಎಂದ.

“ಮೇಲಿನ ಸಾಲು. ಟಿ ಪಕ್ಕ,” ಎಂದಳು ಟೈಪಿಸ್ಟ್, ನಗು ಕಚ್ಚಿಕೊಂಡು. ಎನ್ನಿನ ಅಕ್ಷರ ಮಾಸಿಹೋಗಿತ್ತು. ವೈ ಅಂಗಡಿಯಿಂದ ತಂದಂತೆ ಫಳಫಳ ಎನ್ನುತ್ತಿತ್ತು. ಒತ್ತಿದ. ಪರದೆ ಇನ್ನೊಂದು ಕೇಳಿತು, ಯಾವ ಹೆಸರಿನಲ್ಲಿ ಉಳಿಸಲಿ ಎಂದು.

“ನೋಡಿದ್ರಾ! ಹೇಳ್ಲಿಲ್ವಾ ನಾನು? ಒಂದಕ್ಕೆ ಹೂಂ ಅಂದ್ರೆ ಇನ್ನೊಂದು!”

“ಇದ್ದ ಹೆಸರೇ ಇರ್ಲಿ ಸಾರ್. ಎಂಟರ್ ಒತ್ತಿ ಸಾಕು,” ಎಂದಳು ಟೈಪಿಸ್ಟ್.

ಒತ್ತಿದ. ಕಪ್ಪು ಪರದೆ ತೆಪ್ಪಗಾಯಿತು.

ಪ್ರಿಂಟರು ಕೆಮ್ಮಿ ಕೆಮ್ಮಿ ಪಟ್ಟಿಯ ಎರಡು ಪ್ರತಿ ಉಗುಳಿತು. ಹದಿನಾರು, ಹದಿನೆಂಟು. ದರ್ಜಿ ಬೆರಳಿಟ್ಟು ಎರಡು ಸಲ ಓದಿದಳು. ಸೀಲು ಹಾಕಿಸಿದಳು. ಒಂದು ಪ್ರತಿಯನ್ನು ಮಡಿಸಿ ಕವರಿಗೆ ಸೇರಿಸಿ ಬಾಗಿಲ ಕಡೆ ನಡೆದಳು.

“ಒಂದು ಥ್ಯಾಂಕ್ಸೂ ಇಲ್ವಾ?” ಎಂದ ಇಲ್ಲಪ್ಪ ಹಿಂದಿನಿಂದ.

ಅವಳು ತಿರುಗಿ, ಅಂಗಿಗೆ ಅಳತೆ ತೆಗೆಯುವಂತೆ ಅವನನ್ನು ಹೆಗಲಿನಿಂದ ಸೊಂಟದವರೆಗೆ ನೋಡಿದಳು. ಬಟ್ಟೆ ದಂಡ ಎನ್ನಿಸಿರಬೇಕು.

“ಇಲ್ಲ,” ಎಂದಳು.

ಐದಕ್ಕೆ ಗುತ್ತಿಗೆದಾರನ ಕಡೆಯವನು ಬಂದು ಪಟ್ಟಿ ಒಯ್ದ. ಟೈಪಿಸ್ಟ್ ಚೀಲ ಹೆಗಲಿಗೇರಿಸಿ ಹೊರಟಳು. ಫ್ಯಾನು ನಿಂತ ಕೋಣೆಯಲ್ಲಿ ಇಲ್ಲಪ್ಪ ಒಬ್ಬನೇ ಕಪ್ಪು ಪರದೆಯಲ್ಲಿ ಪಟ್ಟಿಯನ್ನು ಮತ್ತೊಮ್ಮೆ ತೆರೆದ. ಹದಿನಾರು, ಹದಿನೆಂಟು. ಏನನ್ನೂ ಮುಟ್ಟಲಿಲ್ಲ. ಕಂಟ್ರೋಲ್ ಜೊತೆ ಎಕ್ಸ್ ಒತ್ತಿ, ಬೆರಳನ್ನು ಮೇಲಿನ ಸಾಲಿನ ವೈ ಮೇಲೆ ತಂದು ಹಿಡಿದುಕೊಂಡು ಕಾದ.

ಅದು ಏನೂ ಕೇಳಲಿಲ್ಲ. ಸುಮ್ಮನೆ ಮುಚ್ಚಿಕೊಂಡಿತು. ಬೆರಳು ಇನ್ನೂ ಅಲ್ಲೇ ಇತ್ತು.