ದುರ್ಗಾಪ್ರಸಾದರಿಗೆ ಬಿಟ್ಟ ಜಾಗ

"ಕೆಳಗೆ ಚಟ್ಟ ಕಟ್ಟಿ ಆಯ್ತು, ನೀನಿಲ್ಲಿ ಆಂಟೆನಾ ಹಿಡ್ಕೊಂಡು ನಿಂತಿದೀಯಲ್ಲೇ!" ದಿನಕರ ಚಿಕ್ಕಪ್ಪ ಏದುಸಿರು ಬಿಡುತ್ತ ತಾರಸಿಗೆ ಬಂದರು. "ರಾಹುಕಾಲಕ್ಕೆ ಮುಂಚೆ ಅಣ್ಣನ್ನ ಎತ್ತಬೇಕು."

"ಒಂದು ಹತ್ತು ನಿಮಿಷ ಚಿಕ್ಕಪ್ಪ. ದುರ್ಗಾಪ್ರಸಾದ್ ಬಾಬಾಯಿಗೆ ಹೇಳ್ಬೇಕು. ಅಪ್ಪ ಹೊರಡೋಕೆ ಮುಂಚೆ ಅವರಿಗೆ ಗೊತ್ತಾಗ್ಬೇಕು."

"ಫೋನ್ ಮಾಡು ಮತ್ತೆ!"

"ಬರೀ ರಿಂಗ್ ಆಗ್ತಿದೆ. ಈ ಹೊತ್ತಲ್ಲಿ ಅವರೂ ವಿಜಯವಾಡದಲ್ಲಿ ತಾರಸಿ ಮೇಲೇ ಇರ್ತಾರೆ, ಅಪ್ಪನ್ನ ಕಾಯ್ತಾ."

ಬೆಳಿಗ್ಗೆ ರೈಲಿಳಿದು ಬಂದ ನಿಶ್ಚಿತಾ ಇನ್ನೂ ಸರಿಯಾಗಿ ಅತ್ತಿರಲಿಲ್ಲ. ಅಪ್ಪ ಇಂದುಧರ ನೌಕಾಪಡೆಯಲ್ಲಿ ರೇಡಿಯೊ ಆಪರೇಟರ್ ಆಗಿದ್ದು, ನಿವೃತ್ತರಾಗಿ ವಿಶಾಖಪಟ್ಟಣದಲ್ಲೇ ಉಳಿದವರು. ರೇಡಿಯೊ ಹವ್ಯಾಸಿಗಳ ಉಪಗ್ರಹ ನೆತ್ತಿಯ ಮೇಲೆ ಹಾಯುವಾಗ ಅವಳು ತೆಲುಗಿನಲ್ಲಿ ಬಾಬಾಯಿ, ಅಂದರೆ ಚಿಕ್ಕಪ್ಪ, ಎನ್ನುವ ಹಡಗಿನ ಗೆಳೆಯ ದುರ್ಗಾಪ್ರಸಾದರೊಡನೆ ಮಾತಾಡದೆ ಊಟಕ್ಕೆ ಕೂತವರೇ ಅಲ್ಲ.

*

ದಸರೆಗೆ ಬಂದಾಗ ತನ್ನ ಸಂಶೋಧನೆಯ ಪೆಟ್ಟಿಗೆಯನ್ನು ಇದೇ ತಾರಸಿಯಲ್ಲಿ ಅಪ್ಪನ ರೇಡಿಯೊಗೆ ಜೋಡಿಸಿ ಮೆರೆದಿದ್ದಳು. ಒಂದೇ ಉಪಗ್ರಹವನ್ನು ಹತ್ತಾರು ಜನ ಹಂಚಿಕೊಳ್ಳಬೇಕಲ್ಲ, ಯಾರೂ ಮಾತಾಡದ ತರಂಗಾಂತರವನ್ನು ಪೆಟ್ಟಿಗೆ ತಾನೇ ಆಲಿಸಿ ಹುಡುಕಿ ಹಸಿರು ದೀಪ ಹಚ್ಚುತ್ತಿತ್ತು.

"ನೋಡಪ್ಪಾ, ಇಲ್ಲಿ ಖಾಲಿ!"

"ಖಾಲಿ ಎಲ್ಲಿ ಪುಟ್ಟೀ? ದುರ್ಗನ ದನಿ ಬಲು ಸಣ್ಣದು. ಅವನಿಗೇಂತ ನಾವೆಲ್ಲ ಸುಮ್ಮನಿದ್ದೀವಿ."

"ಅದು ನನ್ನ ಪೆಟ್ಟಿಗೆಗೆ ಹೇಗೆ ಗೊತ್ತಾಗ್ಬೇಕು?"

"ನಂಗೇನು ಗೊತ್ತು? ಪಿಎಚ್‌ಡಿ ಮಾಡ್ತಿರೋಳು ನೀನು!" ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳಿಗೆ ಮೈಯುರಿದು, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋಗಿದ್ದಳು.

*

ಸಿಂಹಾಚಲಂ ಬೆಟ್ಟದ ಕಡೆಯಿಂದ ಉಪಗ್ರಹ ಏರಿತು. ಗೊರಗೊರ ಸದ್ದಿನ ನಡುವೆ ಆ ಸಣ್ಣ ದನಿ, ಹಡಗಿನಲ್ಲಿ ಕಲಿತ ಕನ್ನಡ: "ಇಂದುಧರ್ ಗಾರೂ, ಇದೀರಾ?"

ಮೈಕಿನ ಗುಂಡಿಗೆ ಬೆರಳಿಟ್ಟಳು, ಒತ್ತಲಿಲ್ಲ.

"ಏನ್ರೀ, ನನಗೆ ಜಾಗ ಬಿಟ್ಟು ಸುಮ್ಮನಿದೀರಾ? ಸಾಕು ನಿಮ್ಮ ಮರ್ಯಾದೆ! ಮಾತಾಡ್ರಿ."

ಕೆಳಗಿನಿಂದ ಅಮ್ಮ ಮಂಗಳಾಗೌರಿ ಕೂಗಿದರು. "ನಿಶ್ಚೀ, ಹೇಳಿದ್ಯೇನೇ? ದುರ್ಗಣ್ಣಂಗೆ ಹೇಳ್ದೆ ನಾನಂತೂ ಇವರನ್ನ ಕಳಿಸಲ್ಲ!"

ಆಂಟೆನಾ ಆಗಲೇ ಸಮುದ್ರದ ಕಡೆ ವಾಲಿತ್ತು. ಇನ್ನು ತಡ ಮಾಡಿದರೆ ಉಪಗ್ರಹ ಮುಳುಗಿಬಿಡುತ್ತದೆ. ಗುಂಡಿ ಒತ್ತಿದಳು.

"ಬಾಬಾಯಿ, ನಾನು ನಿಶ್ಚಿತಾ. ಅಪ್ಪ ನಿನ್ನೆ ಹೋಗಿಬಿಟ್ರು."

ದುರ್ಗಾಪ್ರಸಾದರಿಂದ ಮಾತಿಲ್ಲ. ಆ ಉಪಗ್ರಹಕ್ಕೆ ಕಿವಿಗೊಟ್ಟಿದ್ದ ಬೇರೆ ಊರಿನವರೂ ಯಾರೂ ಬಾಯಿ ಬಿಡಲಿಲ್ಲ. ಚಿಕ್ಕಪ್ಪನೂ ವಾಚು ನೋಡುವುದನ್ನು ಮರೆತು ನಿಂತರು.

ಮೇಜಿನ ಮೇಲಿದ್ದ ಪೆಟ್ಟಿಗೆಯಲ್ಲಿ, ಇಲ್ಲಿ ಖಾಲಿ ಎನ್ನುವ ಹಸಿರು ದೀಪ ಹತ್ತಿಕೊಂಡಿತು. ನಿಶ್ಚಿತಾ ಬಿಕ್ಕುತ್ತಲೇ ಹಗ್ಗದ ಮೇಲಿದ್ದ ಅಪ್ಪನ ಟವೆಲನ್ನು ಎಳೆದು ಅದರ ಮೇಲೆ ಹೊದಿಸಿದಳು.