ಬಾನೆಟ್ಟಿನ ಮೇಲೆ ಕೆಂಪು ಉಣ್ಣೆ

ಅಲ್ಲಾಡಿತು, ಬಲಗಡೆಯ ಕೊನೆಯ ಎಳೆ, ಅದೊಂದೇ, ಉಳಿದ ಇಪ್ಪತ್ತೊಂದೂ ಹಿಂದಕ್ಕೆ ಬಾಲ ಚಾಚಿ ಬಾನೆಟ್ಟಿಗೆ ಅಂಟಿಕೊಂಡು ತೆಪ್ಪಗೆ ಮಲಗಿವೆ, ಗಾಳಿ ಎಲ್ಲಿಗೆ ಹೋಗುತ್ತದೋ ಉಣ್ಣೆ ಅಲ್ಲಿಗೆ ತಿರುಗುತ್ತದೆ, ಅಷ್ಟು ತಿಳಿಯಲು ನೂಲು ಸಾಕು, ಬೇರೆ ಯಂತ್ರ ಬೇಡ, ಬೆಳಿಗ್ಗೆ ಶೆಡ್ಡಿನ ಮುಂದೆ ಬೆರಳುದ್ದದ ತುಂಡುಗಳನ್ನು ಕತ್ತರಿಸಿ ಟೇಪು ಹಚ್ಚುತ್ತಿದ್ದಾಗ ಹೆಂಡತಿ ವರ್ನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು, ಎರಲ್, ಅದು ಹುಟ್ಟೋ ಮಗೂಗೆ ಕಾಲುಚೀಲ ಹೆಣೀತಿರೋ ಉಣ್ಣೆ, ನಿನ್ನ ಡಬ್ಬಾ ಕಾರಿಗಲ್ಲ, ಇಡು ಕೆಳಗೆ — ಮೊಮ್ಮಗುವಿನ ಒಂದು ಕಾಲುಚೀಲ ಸ್ವಲ್ಪ ಗಿಡ್ಡ ಆಗಲಿ ಬಿಡೇ ಅಂದೆ, ನಕ್ಕಳು, ಆಮೇಲೆ ನಗಲಿಲ್ಲ, ಬ್ರಾನ್‌ವೆನ್‌ಗೆ ಐದು ತಿಂಗಳು ತುಂಬಿದೆ, ಬಸುರಿ ಮಗಳ ಕೈಗೆ ಸ್ಟೀರಿಂಗ್ ಕೊಡ್ತೀಯಲ್ಲ, ಬುದ್ಧಿ ಇದೆಯಾ ನಿನಗೆ, ನಾನೇನು ಮಾಡಲಿ, ನನ್ನ ಮಂಡಿಯ ಚಿಪ್ಪು ಬದಲಾಯಿಸಿ ಮೂರು ವಾರ, ಡಾಕ್ಟರು ಬಲಗಾಲು ಊರಬೇಡ ಅಂದಿದ್ದಾರೆ, ಕಾರಿನ ತಪಾಸಣೆ ಇವತ್ತು ಹನ್ನೊಂದಕ್ಕೆ, ನೋಂದಣಿಯಾಗದ ಕಾರಿಗೆ ರಸ್ತೆಯ ಪರವಾನಗಿ ಇವತ್ತೊಂದೇ ದಿನ, ತಪ್ಪಿದರೆ ಮುಂದಿನ ಸರದಿ ನಾಲ್ಕು ತಿಂಗಳಿಗೆ, ಆರು ವರ್ಷ ಶೆಡ್ಡಿನಲ್ಲಿ ಒಂದೊಂದೇ ಕೊಳವೆ ಬೆಸೆದು ಕಟ್ಟಿದ್ದೇನೆ ಇದನ್ನು, ಕಾಯುವುದಕ್ಕೆ ನಾನೇನು ಮರವೇ, ಮಗಳೇ ಮುಂದೆ ಬಂದಳು, ಅಪ್ಪಾ ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ನಿನ್ನ ಉಣ್ಣೆ ನೋಡ್ಕೋ — ನೋಡುತ್ತಿದ್ದೇನೆ, ಅಗೋ ಮತ್ತೆ ಅಲ್ಲಾಡಿತು, ಬಲಗಡೆಯದು, ಮುಂದಿನ ಗಾಜಿನ ಬುಡದಲ್ಲಿ ನಾನು ಕೊರೆದ ಸೀಳುಗಳ ಪಕ್ಕದ್ದು, ಎಂಜಿನ್ನಿನ ಬಿಸಿಗಾಳಿ ಆ ಸೀಳುಗಳಿಂದ ಹೊರಬರಬೇಕು, ಬಂದರೆ ಎಳೆ ಮೇಲೆದ್ದು ಕುಣಿಯಬೇಕು, ಇದು ಕುಣಿಯುತ್ತಿಲ್ಲ, ತಲೆ ತಗ್ಗಿಸುತ್ತಿದೆ. ಸೀಳು ಅಲ್ಲಿ ಬೇಡ ಕಣೋ ಅಂದಿದ್ದ ಗೆಳೆಯ ಕ್ಲಾರಿ, ರೈಲ್ವೆ ಕಾರ್ಖಾನೆಯಲ್ಲಿ ನಲವತ್ತು ವರ್ಷ ತಗಡು ಬಗ್ಗಿಸಿದವನು, ಲೇ ಎರಲ್, ಗಾಳಿ ಬಂದು ಗಾಜಿಗೆ ಹೊಡೆದು ಅಲ್ಲೇ ಗುಡ್ಡೆ ಬೀಳುತ್ತೆ, ಓಟ ತೊಂಬತ್ತು ದಾಟಿದ್ರೆ ನಿನ್ನ ತೂತಿಂದ ಬಿಸಿ ಹೊರಗೆ ಬರಲ್ಲ, ಹೊರಗಿನ ಗಾಳಿನೇ ಒಳಗೆ ನುಗ್ಗುತ್ತೆ, ಮುಂದಕ್ಕೆ ಕೊರಿ, ರೇಡಿಯೇಟರ್ ಹಿಂದೆ — ಅಲ್ಲಿ ಕೊರೆದರೆ ಚೆಂದ ಕಾಣುವುದಿಲ್ಲವಲ್ಲ, ಹಳೆಯ ಪಂದ್ಯದ ಕಾರುಗಳಿಗೆಲ್ಲ ಗಾಜಿನ ಹತ್ತಿರವೇ ಇತ್ತು ಅಂದೆ, ಹಟ, ಆಗಲ್ಲ ಅಂತ ಅವನು ಕತ್ತರಿ ಕೆಳಗಿಟ್ಟ, ಹಾಗಾದ್ರೆ ನನ್ನ ಶೆಡ್ಡಿಂದ ಹೊರಡು ಅಂದೆ, ಹೊರಟ, ಹದಿನಾಲ್ಕು ತಿಂಗಳಾಯಿತು, ಬಿಯರಿಗೂ ಬರಲಿಲ್ಲ, ನಾನೂ ಕರೆಯಲಿಲ್ಲ, ನಾನೇ ಕೊರೆದೆ, ನಮ್ಮ ಬೀದಿಯಲ್ಲಿ ಐವತ್ತರಲ್ಲಿ ಓಡಿಸಿ ನೋಡಿದೆ, ಆಗ ಹಚ್ಚಿದ್ದ ಎಳೆಗಳೆಲ್ಲ ಸರಿಯಾಗೇ ಇದ್ದವು, ನೋಡಿದೆಯಾ ಕ್ಲಾರಿ ಅಂತ ಒಬ್ಬನೇ ಹೇಳಿಕೊಂಡೆ, ಐವತ್ತರಲ್ಲಿ.

ಈಗ ವೇಗ ತೊಂಬತ್ತೈದು, ಎರಡೂ ಕಡೆ ಗೋಧಿ ಕೊಯ್ದ ಹೊಲ, ಒಣಹುಲ್ಲು ರಸ್ತೆಯ ಅಂಚಿನವರೆಗೂ, ಹಿಂದೆ ಕುರಿ ತುಂಬಿದ ಲಾರಿ, ಎಳೆ ಒಳಕ್ಕೆ ಹೋಯಿತು. ಹೋಯಿತು, ಕಣ್ಣಾರೆ ಕಂಡೆ, ಒಣಗಿದ ತೊರೆಯ ಸೇತುವೆ ದಾಟಿದ ತಕ್ಷಣ, ತಲೆ ಮೊದಲು, ಸೀಳಿನೊಳಕ್ಕೆ, ಹೊರಗೆ ಉಳಿದದ್ದು ಟೇಪಿನ ಬಿಳಿ ಮತ್ತು ಒಂದು ಚೂರು ಕೆಂಪು — ಅಪ್ಪಾ, ಏನು ಹೇಳ್ತಿವೆ ನಿನ್ನ ಉಣ್ಣೆಗಳು, ಮಗಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು, ಎಲ್ಲಾ ಸರಿ ಇದೆ ಕಣೇ, ಅಂದೆ, ನನ್ನ ಬಾಯೇ ಅಂದದ್ದು, ಎಷ್ಟು ಸಲೀಸಾಗಿ ಬಂತು ಸುಳ್ಳು, ಇನ್ನು ಮೂವತ್ತು ಕಿಲೋಮೀಟರ್ ತಾನೇ, ಹೇಗೋ ತಲುಪಿದರೆ ಆಯಿತು, ತಪಾಸಣೆಯವನು ಬೆಸುಗೆ ನೋಡುತ್ತಾನೆ, ಬ್ರೇಕು ನೋಡುತ್ತಾನೆ, ಉಣ್ಣೆಯನ್ನಂತೂ ನೋಡುವುದಿಲ್ಲ, ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ತೊಂಬತ್ತೆರಡು, ತೊಂಬತ್ತೆಂಟು, ಬರುವ ಗಾಳಿಗೆ ಹೋಗಲು ದಾರಿ ಬೇಕು, ಮುಂದಿನಿಂದಲೂ ಬರುತ್ತಿದೆ, ಹಿಂದಿನಿಂದಲೂ ನುಗ್ಗುತ್ತಿದೆ, ನಡುವೆ ಕಾವು ಸಿಕ್ಕಿಹಾಕಿಕೊಂಡಿದೆ, ಬಲಗಡೆ ಹೊಗೆಕೊಳವೆಗಳು, ಕಾವು ತಡೆಯುವ ಪಟ್ಟಿ ಸುತ್ತಿದ್ದೇನೆ ನಿಜ, ಅವಕ್ಕೆ ನಾಲ್ಕು ಬೆರಳು ದೂರದಲ್ಲಿ ಪೆಟ್ರೋಲಿನ ರಬ್ಬರು ಪೈಪು, ನಾಲ್ಕು ಬೆರಳು ಸಾಕು ಅಂತ ಲೆಕ್ಕ ಹಾಕಿದ್ದೆ, ಹೊರಗೆ ಹೋಗುವ ಗಾಳಿಯನ್ನು ನಂಬಿ ಹಾಕಿದ ಲೆಕ್ಕ ಅದು, ನೂರಾ ಮೂರು. ಅಪ್ಪಾ ಪೆಟ್ರೋಲ್ ವಾಸನೆ ಬರ್ತಿದ್ಯಾ, ಅವಳು ಮೂಗು ಸುಕ್ಕಿಸಿದಳು, ನನಗೂ ಬಂತು, ಸಣ್ಣಗೆ, ಸಿಹಿಯಾಗಿ, ನಿಜವಾಗಿಯೂ ಬಂತು, ಆದರೂ ಏನಂದೆ ನಾನು — ಈ ಟೈಮಲ್ಲಿ ಹಾಗೇ ಕಣಮ್ಮ, ನಿಮ್ಮಮ್ಮಂಗೂ ನೀನು ಹೊಟ್ಟೇಲಿದ್ದಾಗ ಬ್ರೆಡ್ ಸುಟ್ಟರೆ ಎರಡು ಬೀದಿ ಆಚೆಯಿಂದ ವಾಸನೆ ಬರ್ತಿತ್ತು, ಬಸುರಿ ಮೂಗು, ಅವಳು ನಕ್ಕುಬಿಟ್ಟಳು, ನಂಬಿದಳು, ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಒಂದು ಗೇಣು ಜಾಗ ಬಿಟ್ಟುಕೊಂಡು ಕೂತು ನನ್ನ ಮಗಳು ನನ್ನ ಮಾತು ನಂಬಿದಳು, ಥೂ ನನ್ನ ಜನ್ಮಕ್ಕೆ.

ಕಾಲು ಸುಡ್ತಿದೆ ಅಪ್ಪಾ, ಅಂದಳು, ಬಲಗಾಲು, ತಡೆಯೋಕಾಗ್ತಿಲ್ಲ, ನಿಲ್ಲಿಸ್ಲಾ — ಇಕ್ಕಟ್ಟಾದ ಪೆಡಲುಗಳಿಗೆ ಅಂತ ತೆಳು ಅಟ್ಟೆಯ ಚಪ್ಪಟೆ ಶೂ ಹಾಕಿಸಿದವನೂ ನಾನೇ, ತಗಡಿನ ಗೋಡೆಯ ಆಚೆಗೇ ಕೊಳವೆಗಳು — ಬೇಡ ಬೇಡ ಇಲ್ಲಿ ಬೇಡ, ಕೂಗಿಬಿಟ್ಟೆ, ಬೆಳಿಗ್ಗೆ ಆರಕ್ಕೆ ರೇಡಿಯೋದಲ್ಲಿ ಹೇಳಿದ್ದರು, ಇವತ್ತು ಜಿಲ್ಲೆಯಲ್ಲೆಲ್ಲ ಬಯಲಲ್ಲಿ ಬೆಂಕಿ ಹಚ್ಚುವುದು ನಿಷೇಧ, ನಲವತ್ತೊಂದು ಡಿಗ್ರಿ, ಉತ್ತರದ ಬಿಸಿಗಾಳಿ, ಕಾದ ಕೊಳವೆಯನ್ನು ಈ ಹುಲ್ಲಿನ ಮೇಲೆ ತಂದು ನಿಲ್ಲಿಸಿದರೆ ಕಾರೊಂದೇ ಅಲ್ಲ, ಊರೇ ಹೋಗುತ್ತದೆ, ಓಡಿದರೆ ಪೈಪು ಬೇಯುತ್ತದೆ, ನಿಂತರೆ ಹುಲ್ಲು, ಲಾರಿ ಹಾರನ್ ಹೊಡೆಯಿತು, ನೂರಾ ಒಂಬತ್ತು, ಎಳೆ ಇನ್ನೂ ಒಳಗೇ. ಬ್ರಾನ್, ಕೇಳು, ಗಾಳಿ ಒಳಗೆ ನುಗ್ತಿದೆ, ಪೆಟ್ರೋಲ್ ವಾಸನೆ ನಿಜ, ಐವತ್ತಕ್ಕೆ ಇಳಿಸು, ಮೆಲ್ಲಗೆ, ಲಾರಿಯವನು ಬೈದ್ಕೊಂಡು ಹೋಗ್ಲಿ, ಅಲ್ಲಿ ಕಾಣ್ತಿದೆಯಲ್ಲ ಗೋಧಿ ಗೋದಾಮು, ಅದರ ಮುಂದೆ ಜಲ್ಲಿ ಹಾಸಿದ ಅಂಗಳ ಇದೆ, ಅಲ್ಲೀವರೆಗೆ ಕಾಲು ತಡ್ಕೋ ದಮ್ಮಯ್ಯ — ಅವಳು ವೇಗ ಇಳಿಸಿದಳು, ಎಪ್ಪತ್ತು, ಅರವತ್ತು, ಲಾರಿ ಪಕ್ಕಕ್ಕೆ ಬಂದು ಕುರಿಗಳ ನಾತ ಎರಚಿ ಮುಂದೆ ಹೋಯಿತು, ಐವತ್ತು, ಅವಳ ಕಣ್ಣಲ್ಲಿ ನೀರು, ಬಲಗಾಲು ಹಿಮ್ಮಡಿಯ ಮೇಲಷ್ಟೇ ನಿಂತಿದೆ, ಎಳೆ ಸೀಳಿನಿಂದ ಸಡಿಲಿ ಸುಮ್ಮನೆ ಬಾನೆಟ್ಟಿನ ಮೇಲೆ ಬಿತ್ತು, ಕ್ಲಾರಿ, ಕ್ಲಾರಿ, ನೀನು ಹೇಳಿದ್ದು ಅಕ್ಷರಶಃ ನಿಜ, ಅಂಕಿಯ ಸಮೇತ ನಿಜ, ಇನ್ನೊಂದು ಕಿಲೋಮೀಟರ್ ಉಳಿಸಿಕೊಡು ಮಾರಾಯ, ನಾಳೆ ನಿನ್ನ ಬಾಗಿಲಿಗೆ ಬಂದು ನಿಲ್ಲುತ್ತೇನೆ, ಜಲ್ಲಿ, ಜಲ್ಲಿಯ ಸದ್ದು, ಕೀಲಿ ತಿರುಗಿಸು, ಪಂಪ್ ಆರಿಸು, ಇಳಿ, ದೂರ ಓಡು, ಹೊಟ್ಟೆ ಹಿಡ್ಕೊಂಡು ಓಡು. ನಿಂತರೆ ತಣ್ಣಗಾಗುತ್ತದೆ ಅಂತ ಜನ ತಿಳಿಯುತ್ತಾರೆ, ಇಲ್ಲ, ನಿಂತ ಮೇಲೆ ಮೊದಲ ಹತ್ತು ನಿಮಿಷ ಕಾವು ಇನ್ನೂ ಏರುತ್ತದೆ, ಹೊಸ ಮಂಡಿಯನ್ನು ಎಳೆದುಕೊಂಡು ಇಳಿದೆ, ಒಂದು ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಇನ್ನೊಂದು ಕೈ ಬಾನೆಟ್ಟಿನ ಕೊಂಡಿಗೆ, ಚರ್ಮ ಚುರ್ ಅಂದಿತು, ಎತ್ತಿದೆ, ಬಿಸಿ ಮುಖಕ್ಕೆ ಹೊಡೆಯಿತು, ಪೈಪು ಮೆತ್ತಗಾಗಿ ಜೋತುಬಿದ್ದಿದೆ, ನಾಲ್ಕು ಬೆರಳು ಒಂದು ಬೆರಳಾಗಿದೆ, ಸೇರಿಕೆಯಲ್ಲಿ ಒಂದು ಹನಿ, ತುಂಬಿಕೊಳ್ಳುತ್ತಾ, ತುಂಬಿಕೊಳ್ಳುತ್ತಾ — ಅಂಗಿಯ ತೋಳಿನಿಂದ ಒರೆಸಿದೆ, ಪೈಪನ್ನು ಕೊಳವೆಯಿಂದ ಆಚೆಗೆಳೆದು ಹಿಡಿದುಕೊಂಡೆ, ಅಂಗೈ ಸುಡುತ್ತಿದೆ, ಸುಡಲಿ, ಎಷ್ಟು ಹೊತ್ತೋ, ಇನ್ನೊಂದು ಹನಿ ಬರಲಿಲ್ಲ, ಬರಲಿಲ್ಲ, ಏನೂ ಹೊತ್ತಿಕೊಳ್ಳಲಿಲ್ಲ. ಗೋದಾಮಿನ ನೆರಳಲ್ಲಿ ಅವಳು ಕೂತಿದ್ದಾಳೆ, ಶೂ ಬಿಚ್ಚಿ, ಪಾದವನ್ನು ಮೇಲಕ್ಕೆ ಮಾಡಿಕೊಂಡು, ಅಂಗಾಲಿನಲ್ಲಿ ನಾಣ್ಯದಷ್ಟು ಬೊಬ್ಬೆ, ನೀರಿನ ಬಾಟಲಿ ಕೊಟ್ಟೆ, ತಗೊಂಡಳು, ಸುರಿದುಕೊಂಡಳು, ಮಗು ಒದ್ದಿತಾ ಅಂತ ಕೇಳಲು ಬಾಯಿ ತೆರೆದೆ, ಅವಳು ನನ್ನ ಮುಖ ನೋಡುತ್ತಿದ್ದಾಳೆ, ಸಿಟ್ಟಿಲ್ಲ, ಸಿಟ್ಟಾದರೂ ಇದ್ದಿದ್ದರೆ, ಅಪ್ಪಾ, ಆ ಉಣ್ಣೆ ಒಳಗೆ ಹೋಗೋದನ್ನ ನೀನು ಯಾವಾಗ ನೋಡ್ದೆ, ಮೆಲ್ಲಗೆ ಕೇಳಿದಳು, ಯಾವಾಗ ನೋಡ್ದೆ — ಈಗಷ್ಟೇ ಅನ್ನಬಹುದು, ಕಾಲು ಸುಡ್ತಿದೆ ಅಂದೆಯಲ್ಲ ಆಗ ಅನ್ನಬಹುದು, ಸಲೀಸಾಗಿ ಬರುತ್ತದೆ ಅದು, ಈಗಾಗಲೇ ಎರಡು ಸಲ ಬಂದಿದೆ, ಹನ್ನೊಂದಾಯಿತೋ ಏನೋ, ಸೇತುವೆ, ಒಣಗಿದ ತೊರೆಯ ಸೇತುವೆ ದಾಟಿದ ತಕ್ಷಣ, ತಲೆ ಮೊದಲು, ಸೀಳಿನೊಳಕ್ಕೆ, ಟೇಪಿನ ಬಿಳಿ, ಒಂದು ಚೂರು ಕೆಂಪು, ಕಾಲುಚೀಲದ ಕೆಂಪು, ಒಳಕ್ಕೆ, ಒಳಕ್ಕೆ —