ಏನು ಕಾಣ್ತಿದೆ, ಓದು

ಹೂವಿನ ಬುಟ್ಟಿ ಹಿಡಿದು ಬಂದವನನ್ನು ಒಳಗೆ ಬಿಡಲಾರೆನೆಂಬಂತೆ ಸೊಸೆ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದಳು. ಬಂದವನು ಎದುರು ರಸ್ತೆಯ ಗ್ಯಾರೇಜಿನ ಯಜಮಾನ. ಸುತ್ತಮುತ್ತಲಿನವರೆಲ್ಲ ಅವನನ್ನು ಡೀಸೆಲ್ ಮಾವ ಎಂದೇ ಕರೆಯುತ್ತಿದ್ದರು. ಸೊಸೆ ಮಾತ್ರ ಅವನನ್ನು ಯಾವ ಹೆಸರಿನಿಂದಲೂ ಕರೆದವಳಲ್ಲ. ಮನೆಯ ಮುಂದಿನ ಶೆಡ್ಡಿನಲ್ಲಿ ಅವಳು ಗ್ಯಾರೇಜು ತೆರೆದ ದಿನ, "ಮಳೆಗಾಲ ಮುಗಿಯೋದ್ರೊಳಗೆ ಶಟರ್ ಎಳೀತಾಳೆ, ನೋಡ್ತಿರಿ" ಎಂದು ನಾಲ್ಕು ಜನರ ಮುಂದೆ ನಕ್ಕವನು ಇವನೇ.

"ಒಂದ್ನಿಮಿಷ ನೋಡ್ಕೊಂಡು ಹೋಗ್ತೀನಮ್ಮ" ಎಂದ.

"ನಮ್ಮತ್ತೆಗೂ ನಿಮಗೂ ಏನ್ರೀ ಸಂಬಂಧ?"

ಒಳಗಿನಿಂದ ಗಂಡ ಎದ್ದು ಬಂದ. ಬಸ್ಸು ಓಡಿಸುವ ಮನುಷ್ಯ, ದನಿ ಎತ್ತಿ ಮಾತಾಡಿದವನಲ್ಲ. "ಸಾವಿನ ಮನೇಲಿ ಬಾಗಿಲಿಗೆ ಅಡ್ಡ ನಿಲ್ತಾರೇನೆ? ಬಿಡು" ಎಂದ. ಅವಳು ಕೈ ತೆಗೆದಳು.

ಡೀಸೆಲ್ ಮಾವ ಅತ್ತೆಯ ಕಾಲ ಬಳಿ ಹೂವಿಟ್ಟ ಮೇಲೂ ಹೊರಟುಹೋಗಲಿಲ್ಲ. ಗೋಡೆಗೆ ಒರಗಿ ನಿಂತು ತೋಳಿನಿಂದ ಕಣ್ಣು ಒರೆಸಿಕೊಂಡ. ಮೊಸಳೆ ಕಣ್ಣೀರು ಎಂದುಕೊಂಡಳು ಸೊಸೆ. ಆದರೆ ಅವನ ಹಿಂದೆಯೇ ಗಾಡಿಗಳ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಬಂದ. ಟೈರ್ ಅಂಗಡಿಯ ಹೆಂಗಸು ಬಂದಳು. ಹೆದ್ದಾರಿ ಪಕ್ಕ ಲಾರಿ ರಿಪೇರಿ ಮಾಡುವವರು ಬಂದರು. ಚಪ್ಪಲಿಗಳು ಮೆಟ್ಟಿಲು ದಾಟಿ ಅಂಗಳಕ್ಕೆ ಹರಡಿಕೊಂಡವು.

"ಇವರೆಲ್ಲ ನಿನ್ನ ಕಡೆಯವರಾ?" ಅತ್ತೆಯ ತಂಗಿ, ಚಿಕ್ಕತ್ತೆ, ಸೊಸೆಯ ಕಿವಿಯಲ್ಲಿ ಕೇಳಿದರು.

"ನನ್ನ ಕಡೆಯವರು ಒಬ್ರೂ ಅಲ್ಲ ಚಿಕ್ಕತ್ತೆ."

"ಮತ್ತೆ? ಮಂಡಿನೋವು ಅಂತ ನಮ್ಮಕ್ಕ ಗೇಟು ದಾಟಿ ಎಷ್ಟು ಕಾಲ ಆಯ್ತು! ಇಷ್ಟು ಜನ ಎಲ್ಲಿಂದ ಬಂದ್ರು?"



*

ಅತ್ತೆ ದುಡಿದಿದ್ದೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಯಾರದೋ ದನಿಯನ್ನು ಇನ್ಯಾರಿಗೋ ಮುಟ್ಟಿಸುವ ಕೆಲಸ. ನಿವೃತ್ತಿಯಾದ ಮೇಲೆ ಸೊಸೆಯ ಶೆಡ್ಡಿನ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡರು. ಮೊದಮೊದಲು ಅದು ಹೊತ್ತು ಕಳೆಯಲು.

ಗ್ಯಾರೇಜಿನಲ್ಲೊಂದು ಲ್ಯಾಪ್‌ಟಾಪ್ ಇತ್ತು. ಕೇಬಲ್ಲಿನ ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ಗಾಡಿಯ ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದರೆ ಇಂಜಿನ್ನು ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರು ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ಕೇಬಲ್ಲಿನ ಗುರುತೇ ಇಲ್ಲವೆಂದು ಕೂತುಬಿಟ್ಟಿತು. ಅಂಗಡಿಯವರನ್ನು ಕೇಳಿದರೆ ಹೊಸ ಕೇಬಲ್ಲು, ಹೊಸ ಸಾಫ್ಟ್‌ವೇರು ತಗೊಳ್ಳಿ ಎಂದರು.

"ಇಲ್ಲಿ ಕೊಡು, ನೋಡ್ತೀನಿ" ಎಂದರು ಅತ್ತೆ.

ಭೂತಗನ್ನಡಿ ಹಿಡಿದು ಎಷ್ಟೋ ದಿನ ಪರದೆಯ ಮೇಲಿನ ಸೂಚನೆಗಳನ್ನೇ ಓದಿದರು. ಕೊನೆಗೊಂದು ಸಂಜೆ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ಕಂಪ್ಯೂಟರ್ ಏಳೋಕ್ಕಿಂತ ಮುಂಚೆ ಅದರೊಳಗೆ ಇನ್ನೊಬ್ಬ ಏಳ್ತಾನೆ. ಕಾವಲುಗಾರ. ತನಗೆ ಗೊತ್ತಿರೋ ಸಹಿ ಇಲ್ಲದಿದ್ರೆ ಯಾರನ್ನೂ ಒಳಗೆ ಬಿಡಲ್ಲ. ನಿನ್ನ ಕೇಬಲ್ಲನ್ನ ನಡೆಸೋ ಸಾಫ್ಟ್‌ವೇರು, ಡ್ರೈವರ್ ಅಂತಾರೆ, ಅದು ಹಳೇದು, ಅದಕ್ಕೆ ಆ ಸಹಿ ಇಲ್ಲ. ಕೆಲಸ ಆಗೋವರೆಗೆ ಕಾವಲು ಸಡಿಲ ಮಾಡ್ಬೇಕು, ಅಷ್ಟೆ."

ಸೊಸೆಗೆ ತಾಳ್ಮೆ ಎಲ್ಲಿ? ಅತ್ತೆ ನೀರು ಕುಡಿಯಲು ಎದ್ದಾಗ ತಾನೇ ನಾಲ್ಕು ಕಡೆ ಒತ್ತಿದಳು. ಪರದೆ ನೀಲಿಯಾಗಿ, ಡಿಸ್ಕಿನ ಬೀಗದ ಕೀ ಕೊಡು ಎಂದು ಉದ್ದದ ಸಂಖ್ಯೆಯೊಂದನ್ನು ಕೇಳಿತು. ಗಿರಾಕಿಗಳ ವಿವರ, ಗಾಡಿಗಳ ಜಾತಕ ಎಲ್ಲ ಅದರೊಳಗೇ. ಅವಳು ನೆಲಕ್ಕೆ ಕುಸಿದು ಅತ್ತುಬಿಟ್ಟಳು.

ಅತ್ತೆ ಬೈಯಲಿಲ್ಲ. "ನಾನು ಎಕ್ಸ್‌ಚೇಂಜಿಗೆ ಸೇರಿದ ಹೊಸದ್ರಲ್ಲಿ, ಹೆಣ್ಣು ಕೊಡೋರು ಗಂಡಿನ ಮನೆಗೆ ಮಾಡಿದ ಫೋನನ್ನ ಪೊಲೀಸ್ ಸ್ಟೇಷನ್ನಿಗೆ ಕೊಟ್ಟಿದ್ದೆ. ಇನ್ಸ್‌ಪೆಕ್ಟರು ಒಪ್ಪಿಗೆ ಇದೆ ಅಂದ್ರಂತೆ" ಎಂದರು. ಸೊಸೆ ಅಳುವಿನ ನಡುವೆಯೇ ಕಿಸಕ್ಕನೆ ನಕ್ಕಳು. "ಏನೂ ಮುಳುಗಿಹೋಗಿಲ್ಲ. ಹೆದರಬೇಡ. ಮೊದಲು ಏನು ಕಾಣ್ತಿದೆ, ಓದು. ಓದದೆ ಒತ್ತಬೇಡ."

ಅತ್ತೆ ಫೋನಿನಲ್ಲಿ ತೆರೆದ ಕಂಪ್ಯೂಟರಿನ ಖಾತೆಯಲ್ಲೇ ಆ ಕೀ ಸಿಕ್ಕಿತು. ಆದರೆ ಅಂದಿನಿಂದ ಸೊಸೆ ಕಾವಲು ಬದಲಿಸುವ ಪುಟದ ತಂಟೆಗೆ ಹೋಗಲಿಲ್ಲ. ಬೆಳಿಗ್ಗೆ ಕಾವಲು ಸಡಿಲಿಸುವುದೂ ಸಂಜೆ ಮತ್ತೆ ಬಿಗಿ ಮಾಡುವುದೂ ಅತ್ತೆಯ ಪಾಲಿಗೆ ಬಂತು. ದಿನಾ ಯಾಕೆ ಈ ಪಾಡು, ಹಾಗೇ ಬಿಟ್ಟರಾಯಿತಲ್ಲ ಎಂದರೆ, "ಊರ ಜನರ ಫೋನ್ ನಂಬರು, ವಿಳಾಸ ಎಲ್ಲ ಇದ್ರಲ್ಲಿದೆ. ಕಾವಲುಗಾರನ್ನ ಮನೆಗೆ ಕಳಿಸಿ ನಾವು ನಿದ್ದೆ ಹೊಡೆಯೋದಾ?" ಎನ್ನುತ್ತಿದ್ದರು.

*

ಒಂದು ಸಂಗತಿ ಮಾತ್ರ ಸೊಸೆಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರು. ಒಮ್ಮೆ ಬಟ್ಟೆ ಎತ್ತಲು ಹೋದಾಗ ಕಿಟಕಿಯಿಂದ ನಗು ಕೇಳಿಸಿತು, ಆಮೇಲೆ ಒಂದು ಮಾತು: "ಆಯ್ತು ಮಾರಾಯ, ನಮ್ಮ ಹುಡುಗಿಗೆ ಗೊತ್ತಾಗಲ್ಲ. ಗೊತ್ತಾದ್ರೆ ತಾನೆ ರಂಪ."

 ಇಡೀ ದಿನ ಪಕ್ಕದಲ್ಲೇ ಕೂತು ಮಧ್ಯಾಹ್ನ ನನ್ನ ಚಾಡಿ ಹೇಳುತ್ತಾರಲ್ಲ ಎಂದು ಸೊಸೆ ಒಳಗೊಳಗೇ ಕುದಿದಳು. ಎಂದಾದರೊಂದು ದಿನ ಎದುರಿಗೇ ಕೇಳಬೇಕೆಂದಿದ್ದಳು. ನಿನ್ನೆ ಬೆಳಿಗ್ಗೆ ಎಬ್ಬಿಸಲು ಹೋದರೆ ಅತ್ತೆ ಏಳಲೇ ಇಲ್ಲ.

*

ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಆಸ್ಪತ್ರೆಯ ವ್ಯಾನಿನ ಡ್ರೈವರ್ ಓಡುತ್ತ ಬಂದು ಒಂದು ಹಿಡಿ ಹೂ ಹಾಕಿ, ಓಡುತ್ತಲೇ ಹೊರಟ. ಆಮೇಲೆ ಬೀದಿಯಿಂದ ಸ್ಟಾರ್ಟರಿನ ಗೊರಗೊರ ಸದ್ದು ಕೇಳಿಸಿತು. ನಿಂತಿತು. ಮತ್ತೆ ಗೊರಗೊರ. ಸೊಸೆ ತಲೆ ಎತ್ತಿದಳು. ಎಷ್ಟು ತಿರುಗಿದರೂ ಇಂಜಿನ್ನು ಹತ್ತಿಕೊಳ್ಳುತ್ತಿಲ್ಲ.

ಡ್ರೈವರ್ ಮೆಟ್ಟಿಲ ಬಳಿ ಬಂದು ನಿಂತ. ಮುಖದಲ್ಲಿ ರಕ್ತವಿರಲಿಲ್ಲ. "ಅಕ್ಕಾ, ಇಂಥಾ ಹೊತ್ತಲ್ಲಿ ಕೇಳ್ಬಾರ್ದು. ಒಳಗೆ ಪೇಷೆಂಟ್ ಇದ್ದಾರೆ. ಡಯಾಲಿಸಿಸ್ಸಿಗೆ ಹೊರಟಿದ್ವಿ. ಆಕ್ಸಿಜನ್ ಹಾಕಿದೆ, ಬೇರೆ ಕಾರಲ್ಲಿ ಕೂರ್ಸೋಕಾಗಲ್ಲ. ಇನ್ನೊಂದು ವ್ಯಾನು ಎಲ್ಲೋ ದೂರ ಇದೆಯಂತೆ."

ಸೊಸೆ ಗಂಡನ ಮುಖ ನೋಡಿದಳು. ಅವನು ತಾಯಿಯ ಮುಖ ನೋಡಿದ. "ಹೋಗು. ಅಮ್ಮ ಇದ್ದಿದ್ರೆ ಇಷ್ಟು ಹೊತ್ತಿಗೆ ನಿನ್ನ ಅಟ್ಟಿರೋರು" ಎಂದ.

ವ್ಯಾನಿನೊಳಗೆ ಇದೇ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಸ್ಟ್ರೆಚರಿನ ಮೇಲೆ ಮಲಗಿದ್ದಳು. ಮುಖ ಬಾತುಕೊಂಡಿತ್ತು, ಉಸಿರು ಮೇಲಿಂದ ಮೇಲೆ. ಸೊಸೆ ಬ್ಯಾಟರಿ ನೋಡಿದಳು, ಡೀಸೆಲ್ ನೋಡಿದಳು, ಫ್ಯೂಸುಗಳನ್ನು ನೋಡಿದಳು. ಎಲ್ಲ ಸರಿ. ಹುಡುಕುತ್ತ ಹೋದರೆ ಸಿಕ್ಕೇ ಸಿಗುತ್ತದೆ, ಆದರೆ ಅಷ್ಟು ಹೊತ್ತು ಯಾರ ಕೈಯಲ್ಲಿದೆ? ಶೆಡ್ಡಿಗೆ ಹೋಗಿ ಲ್ಯಾಪ್‌ಟಾಪ್ ತಂದು ಕೇಬಲ್ಲು ಸಿಕ್ಕಿಸಿದಳು. ಗುರುತಿಲ್ಲ ಎಂದಿತು ಪರದೆ. ಕೊನೆಯ ಸಂಜೆಯೂ ಅತ್ತೆ ಕಾವಲು ಬಿಗಿ ಮಾಡಿಯೇ ಮಲಗಿದ್ದರು.

ಅವಳು ಕೀಗಳಿಂದ ಬೆರಳು ತೆಗೆದಳು. "ನಂಗೆ ಇದು ಬರಲ್ಲ" ಎಂದಳು, ಯಾರಿಗೆಂದಿಲ್ಲದೆ. "ಅತ್ತೇನೇ ಮಾಡ್ತಿದ್ರು."

"ಹೆದರಬೇಡ" ಎಂದಿತು ಬೆನ್ನ ಹಿಂದಿನ ದನಿ. "ಏನು ಕಾಣ್ತಿದೆ, ಓದು. ಓದದೆ ಒತ್ತಬೇಡ."

ಸೊಸೆ ಗಕ್ಕನೆ ತಿರುಗಿದಳು. ಡೀಸೆಲ್ ಮಾವ.

"ಈ ಮಾತು ನಿಮಗೆ ಹೇಗೆ ಗೊತ್ತು?"

"ನಂಗೆ ಕಲಿಸಿದ್ದೂ ಅವರೇ ಕಣಮ್ಮ. ನನ್ನ ಲ್ಯಾಪ್‌ಟಾಪೂ ಹೀಗೇ ಕೂತಿತ್ತು. ಅಂಗಡಿ ಮುಚ್ಚೋ ಹಾಗಾಗಿತ್ತು. ನಿಮ್ಮತ್ತೆ ಸರಿ ಮಾಡ್ಕೊಂಡ್ರು ಅಂತ ಕೇಳಿ, ನಾಚಿಕೆ ಬಿಟ್ಟು ನಿಮ್ಮ ಮನೆಗೆ ಫೋನ್ ಮಾಡ್ದೆ. ಒಂದೊಂದೇ ಸಾಲು ಓದ್ಸಿ ಓದ್ಸಿ ಮಾಡ್ಸಿದ್ರು."

"ನಂಗೂ" ಎಂದ ಎಲೆಕ್ಟ್ರಿಷಿಯನ್.

"ನಂಗೂ" ಎಂದಳು ಟೈರ್ ಅಂಗಡಿಯವಳು. "ಸಂಜೆ ಅವರೇ ಫೋನ್ ಮಾಡೋರು, ಕಾವಲು ಮತ್ತೆ ಹಾಕಿದ್ಯೇನೆ ಅಂತ. ಹಾಕದೇ ಇದ್ರೆ ಬೈಗುಳ."

ಡೀಸೆಲ್ ಮಾವ ತಲೆ ಕೆರೆದುಕೊಂಡ. "ನಿನಗೆ ಹೇಳ್ತೀನಿ ಅಂತಲೇ ಅಂದ್ರು. ನಾನೇ ಬೇಡ ಅಂದೆ. ಶಟರ್ ಎಳೀತಾಳೆ ಅಂದ ಬಾಯಲ್ಲಿ ನಿಮ್ಮನೇಲಿ ಕಲೀತಿದ್ದೀನಿ ಅಂತ ಹೇಗಮ್ಮ ಹೇಳ್ಕೊಳ್ಳಲಿ? ಆಯ್ತು ಮಾರಾಯ ಅಂದ್ರು. ಆದ್ರೆ ಫೋನ್ ಇಡೋ ಮುಂಚೆ ಚುಚ್ಚದೇ ಇರ್ತಿರ್ಲಿಲ್ಲ. ನಮ್ಮ ಹುಡುಗಿ ಅರ್ಧ ರೋಗ ಸದ್ದಲ್ಲೇ ಹಿಡೀತಾಳೆ, ನಿಮಗಾದ್ರೆ ಎಲ್ಲಕ್ಕೂ ಮೆಷಿನ್ ಬೇಕು ಅನ್ನೋರು."

ಸೊಸೆ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಅಳಲು ಹೊತ್ತಿರಲಿಲ್ಲ. ದಿನಾ ಅತ್ತೆ ಮಾಡುತ್ತಿದ್ದುದನ್ನು ನೆನೆದು, ಮತ್ತೆ ಆ ಉದ್ದದ ಸಂಖ್ಯೆ ಕೇಳದಂತೆ ಮೊದಲು ಡಿಸ್ಕಿನ ಬೀಗವನ್ನು ತಡೆಹಿಡಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿ, ಅದು ಏಳುವ ಮೊದಲೇ ಮೂಲೆಯ ಕೀ ಒತ್ತಿದಳು. ಬೂದು ಬಣ್ಣದ ಪುಟ ತೆರೆಯಿತು. ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಒಂದೊಂದೇ ಸಾಲು ಓದತೊಡಗಿದಳು.

"ಸೆಕ್ಯೂರ್ ಬೂಟ್. ಎನೇಬಲ್ಡ್. ಅಂದ್ರೆ ಕಾವಲು ಹಾಕಿದೆ."

"ಓದಿದ್ಯಾ?" ಎಂದ ಡೀಸೆಲ್ ಮಾವ.

"ಓದಿದೆ."

"ಹಾಗಾದ್ರೆ ಒತ್ತು."

ಕಾವಲು ಸಡಿಲವಾಯಿತು. ಕಂಪ್ಯೂಟರು ಎದ್ದಿತು, ಕೇಬಲ್ಲನ್ನು ಗುರುತಿಸಿತು. ಇಂಜಿನ್ನು ತಿರುಗುತ್ತಿರುವ ಸುದ್ದಿಯನ್ನು ಮುಟ್ಟಿಸಬೇಕಾದ ಕ್ರ್ಯಾಂಕ್ ಸೆನ್ಸರ್ ಮೂಕವಾಗಿದೆ ಎಂದಿತು ಪರದೆ. ಅಷ್ಟು ಸಾಕಿತ್ತು. ಸೊಸೆ ಸೆರಗು ಸಿಕ್ಕಿಸಿ ವ್ಯಾನಿನಡಿ ನುಗ್ಗಿದಳು. ಡೀಸೆಲ್ ಮಾವ ಟಾರ್ಚು ಹಿಡಿದ. ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಸವೆದ ವೈರು ತುಂಡಾಗಿ ನೇತಾಡುತ್ತಿತ್ತು. ಎಲೆಕ್ಟ್ರಿಷಿಯನ್ ತುದಿ ಸುಲಿದು ಕೊಟ್ಟ, ಟೈರ್ ಅಂಗಡಿಯವಳು ಟೇಪು ಹರಿದು ಕೊಟ್ಟಳು. ಸೊಸೆ ಕೂಡಿಸಿ ಸುತ್ತಿ, ಪಟ್ಟಿಯಿಂದ ದೂರಕ್ಕೆ ಕಟ್ಟಿದಳು.

"ಹಾಕು ಕೀ" ಎಂದಳು ಡ್ರೈವರಿಗೆ.

ಮೊದಲ ತಿರುವಿಗೇ ಇಂಜಿನ್ನು ಹತ್ತಿಕೊಂಡಿತು.

ಸ್ಟ್ರೆಚರಿನ ಹೆಂಗಸು ಮಾಸ್ಕು ಸರಿಸಿ ಕೈಸನ್ನೆ ಮಾಡಿದಳು. "ನಂಗೆ ಒಳಗೆ ಬಂದು ನೋಡೋಕಾಗ್ಲಿಲ್ಲ. ನನ್ನ ಹೆಸ್ರಲ್ಲೊಂದು ಹೂ ಹಾಕವ್ವ."

ವ್ಯಾನು ತಿರುವು ದಾಟಿತು. ಸೊಸೆ ಮೆಟ್ಟಿಲ ಮೇಲೆ ಕೂತು ಮತ್ತೆ ಲ್ಯಾಪ್‌ಟಾಪ್ ತೆರೆದಳು.

"ಈಗೇನೇ? ಎಲ್ಲ ಕಾಯ್ತಿದ್ದಾರೆ" ಎಂದ ಗಂಡ.

"ಒಂದ್ನಿಮಿಷ ಇರಿ. ಕಾವಲು ಹಾಕಿ ಬರ್ತೀನಿ." ಈ ಸಲ ಯಾರೂ ಏನೂ ಹೇಳಿಕೊಡಲಿಲ್ಲ.

ಎತ್ತುವ ಹೊತ್ತಿಗೆ ಗಂಡ ಒಂದು ಕಡೆ ಹೆಗಲು ಕೊಟ್ಟ. ಅವನ ಎದುರಿಗೆ ಸೊಸೆ ತಾನೇ ನಿಂತಳು. ಡೀಸೆಲ್ ಮಾವ ಗೇಟಿನ ಬಳಿ ಹಿಂದೆ ಸರಿದು ನಿಂತಿದ್ದ.

"ಮಾವ, ಅಲ್ಯಾಕೆ ನಿಂತ್ರಿ? ಈ ಕಡೆ ಬನ್ನಿ" ಎಂದಳು.

ಅವನು ಬಂದ. ಎಲೆಕ್ಟ್ರಿಷಿಯನ್ ಬಂದ, ಟೈರ್ ಅಂಗಡಿಯವಳು ಬಂದಳು, ಲಾರಿ ರಿಪೇರಿಯವರು ಬಂದರು. ಗ್ರೀಸು ಮೆತ್ತಿದ ಕೈ ತೊಳೆಯುವ ನೆನಪು ಒಬ್ಬರಿಗೂ ಆಗಿರಲಿಲ್ಲ. ಚಿಕ್ಕತ್ತೆ ಅದನ್ನು ನೋಡಿ ಒದ್ದೆ ಬಟ್ಟೆ ಹಿಡಿದು ಓಡಿಬಂದವರು, ಹತ್ತಿರ ಬಂದು ಸುಮ್ಮನೆ ನಿಂತುಬಿಟ್ಟರು. ಅಕ್ಕನಿಗೆ ಹೊದಿಸಿದ ಬಿಳಿ ಬಟ್ಟೆಯ ಅಂಚಿನುದ್ದಕ್ಕೂ, ಹಿಡಿದವರು ಹಿಡಿದ ಕಡೆಯಲ್ಲೆಲ್ಲ, ಕಪ್ಪು ಹೆಬ್ಬೆಟ್ಟುಗಳು ಒತ್ತಿದ್ದವು.